ಹದಿಮೂರು ವರ್ಷ ಕಾದು ಮೂರು ಆಟ: ಮೈನರ್ ಲೀಗ್‌ನಲ್ಲಿ ಇನ್‌ಫೀಲ್ಡರ್ ಹೇಗೆ ಮೇಲೆ ಬರುತ್ತಾನೆ?

ಪ್ರಶ್ನೆ: ನಾವು ನಾರ್ತ್ ಕ್ಯಾರೊಲಿನಾದ ಡರ್ಹಮ್‌ಗೆ ಬಂದು ಒಂಬತ್ತು ವರ್ಷವಾಯಿತು. ಊರು ಶಿವಮೊಗ್ಗ. ಮಗನಿಗೆ ಈಗ ಹದಿಮೂರು, ಸ್ಕೂಲ್ ಬೇಸ್‌ಬಾಲ್ ಟೀಮಿನಲ್ಲಿ ಶಾರ್ಟ್‌ಸ್ಟಾಪ್ ಆಡುತ್ತಾನೆ, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಬೇಸಿಗೆಯಲ್ಲಿ ಇಲ್ಲಿನ ಮೈನರ್ ಲೀಗ್ ತಂಡ ಡರ್ಹಮ್ ಬುಲ್ಸ್ ಆಟ ನೋಡಲು ಹೋಗುತ್ತಿರುತ್ತೇವೆ. ಮೈನರ್ ಲೀಗ್ ಅಂದರೆ ಮೇಜರ್ ಲೀಗ್‌ಗೆ ಆಟಗಾರರನ್ನು ತಯಾರು ಮಾಡುವ ಕೆಳಗಿನ ಲೀಗುಗಳು. ಅವನಿಗೆ ಇಷ್ಟವಾದ ಆಟಗಾರ ಈ ವಾರ ಇರುತ್ತಾನೆ, ಮುಂದಿನ ವಾರ ಇರುವುದಿಲ್ಲ. ಎಲ್ಲಿ ಹೋದ ಅಂದರೆ ಒಮ್ಮೆ ಮೇಲೆ ಹೋದ ಅನ್ನುತ್ತಾರೆ, ಒಮ್ಮೆ ಕೆಳಗೆ. ಮೊನ್ನೆ ಮಗ ಡ್ರೂ ಮ್ಯಾಗಿ ಅನ್ನುವವನ ವಿಡಿಯೋ ತೋರಿಸಿದ. ಹದಿಮೂರು ವರ್ಷ ಕೆಳಗಿನ ಲೀಗುಗಳಲ್ಲೇ ಆಡಿ, ಮೂವತ್ತಮೂರನೇ ವಯಸ್ಸಿನಲ್ಲಿ ಮೊದಲ ಸಲ ಮೇಜರ್ ಲೀಗ್‌ನಲ್ಲಿ ಬ್ಯಾಟ್ ಹಿಡಿದನಂತೆ. ಮಗನ ಕಣ್ಣಲ್ಲಿ ನೀರು. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ. ಈ ದಾರಿ ಹೇಗಿರುತ್ತದೆ? ಹೊಟ್ಟೆಪಾಡು ಹೇಗೆ? ಅಷ್ಟು ವರ್ಷ ವ್ಯರ್ಥ ಅಲ್ವಾ?

ಉತ್ತರ: ನಿಮ್ಮ ಪತ್ರ ಓದಿ ಎರಡು ದಿನ ಹಾಗೇ ಇಟ್ಟುಕೊಂಡಿದ್ದೆ. ಕೊನೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತು ಹೇಳಿದರೆ ನಿಮಗೆ ಸಮಾಧಾನ ಆಗುವುದಿಲ್ಲ. ನಾನು ಹದಿನೈದು ವರ್ಷದಿಂದ ಈ ದೇಶದಲ್ಲಿ ಮಕ್ಕಳಿಗೆ ಇನ್‌ಫೀಲ್ಡ್, ಅಂದರೆ ಬೇಸ್‌ಗಳ ಹತ್ತಿರ ನಿಂತು ಫೀಲ್ಡಿಂಗ್ ಮಾಡುವುದನ್ನು, ಹೇಳಿಕೊಡುತ್ತಿದ್ದೇನೆ. ಮೈನರ್ ಲೀಗ್ ಮೈದಾನಗಳಲ್ಲಿ ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಮ್ಯಾಗಿಯಿಂದಲೇ ಶುರು ಮಾಡೋಣ.

ಮ್ಯಾಗಿ ಅರಿಜೋನಾದ ಫೀನಿಕ್ಸ್ ಹುಡುಗ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಶಾರ್ಟ್‌ಸ್ಟಾಪ್. ಅದು ಕಾಲೇಜು ಬೇಸ್‌ಬಾಲ್‌ನಲ್ಲಿ ದೊಡ್ಡ ಹೆಸರು. ಡ್ರಾಫ್ಟ್ ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವುದು. 2010ರ ಡ್ರಾಫ್ಟ್‌ನ ಹದಿನೈದನೇ ಸುತ್ತಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನು ಆರಿಸಿತು. ಕೆಳಗಿನ ಹಂತಗಳನ್ನು ದಾಟಿ 2013ರಲ್ಲಿ ಆಲ್ಟೂನಾದ ಡಬಲ್-ಎ (ಮೈನರ್ ಲೀಗ್‌ನಲ್ಲಿ ಮೇಲಿನಿಂದ ಎರಡನೇ ಹಂತ) ತಂಡಕ್ಕೆ ಬಂದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ಏಂಜಲ್ಸ್, ಡಾಡ್ಜರ್ಸ್, ಕ್ಲೀವ್‌ಲ್ಯಾಂಡ್, ಮಿನ್ನೆಸೋಟ ಟ್ವಿನ್ಸ್, ಫಿಲ್ಲೀಸ್ ಹೀಗೆ ಸಂಸ್ಥೆಯಿಂದ ಸಂಸ್ಥೆಗೆ ತಿರುಗಿದ. 2021ರ ಸೆಪ್ಟೆಂಬರ್‌ನಲ್ಲಿ ಟ್ವಿನ್ಸ್ ಅವನನ್ನು ಮೇಲೆ ಕರೆಸಿಕೊಂಡಿತು. ಮೇಜರ್ ಲೀಗ್ ಜೆರ್ಸಿ ತೊಟ್ಟು ಬೆಂಚಿನಲ್ಲಿ ಕೂತ. ಆಡುವ ಅವಕಾಶ ಸಿಗಲೇ ಇಲ್ಲ. ವಾಪಸ್ ಕಳಿಸಿಬಿಟ್ಟರು. ಊಟದ ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸುವ ಮೊದಲೇ ಎಬ್ಬಿಸಿದ ಹಾಗೆ. ನನ್ನನ್ನು ಕೇಳಿದರೆ ಅವನ ಇಡೀ ಕತೆಯಲ್ಲಿ ಜಾಸ್ತಿ ನೋವಿನ ಜಾಗ ಇದೇ.

2023ರಲ್ಲಿ ಮತ್ತೆ ಆಲ್ಟೂನಾ. ಹತ್ತು ವರ್ಷದ ಹಿಂದೆ ಆಡಿದ್ದ ಅದೇ ಊರು, ಅದೇ ಹಂತ. ಸುತ್ತ ಇರುವವರು ಅವನಿಗಿಂತ ಹತ್ತು ಹನ್ನೊಂದು ವರ್ಷ ಚಿಕ್ಕವರು. ಏಪ್ರಿಲ್ ಕೊನೆಯಲ್ಲಿ ಪೈರೇಟ್ಸ್‌ನ ಬ್ರಯಾನ್ ರೆನಾಲ್ಡ್ಸ್ ಕುಟುಂಬದ ಕಾರಣಕ್ಕೆ ಕೆಲವು ದಿನ ರಜೆ ತೆಗೆದುಕೊಳ್ಳಬೇಕಾಯಿತು. ಅಂಥ ರಜೆ ಮೂರರಿಂದ ಏಳು ದಿನ. ಅಷ್ಟು ದಿನಕ್ಕೆ ಒಂದು ಜಾಗ ಖಾಲಿ. ಮ್ಯಾಗಿಯನ್ನು ಕರೆದರು. ಅಷ್ಟರಲ್ಲಿ ಅವನು ಮೈನರ್ ಲೀಗ್‌ನಲ್ಲಿ 1,155 ಆಟ ಆಡಿದ್ದ.

ನಿಮ್ಮ ಮಗ ತೋರಿಸಿದ ವಿಡಿಯೋ ಏಪ್ರಿಲ್ 26ರದ್ದು ಇರಬೇಕು. ಎಂಟನೇ ಇನ್ನಿಂಗ್ಸ್. ಎದುರಾಳಿ ಡಾಡ್ಜರ್ಸ್. ಆಂಡ್ರೂ ಮೆಕಚನ್ ಬದಲಿಗೆ ಬ್ಯಾಟ್ ಹಿಡಿದು ಬಂದ. ಪಿಟ್ಸ್‌ಬರ್ಗ್‌ನಲ್ಲಿ ಮೆಕಚನ್ ಅಂದರೆ ಮನೆಮಗ. ಅಂಥವನನ್ನು ಕೂರಿಸಿ ಇವನನ್ನು ಕಳಿಸಿದರೂ ಜನ ಎದ್ದು ನಿಂತರು, ಇವನ ಹೆಸರು ಕೂಗಿದರು. ಚೆಂಡು ಹೊಡೆಯಲಾಗದೆ ನಾಲ್ಕು ಎಸೆತದಲ್ಲಿ ಸ್ಟ್ರೈಕ್‌ಔಟ್ ಆಯಿತು. ಮೂರು ದಿನದ ನಂತರ ವಾಷಿಂಗ್ಟನ್‌ನಲ್ಲಿ ಮೊದಲ ಹಿಟ್ ಬಂತು, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟಿದ. ಒಟ್ಟು ಮೂರು ಆಟ, ಆರು ಅಟ್-ಬ್ಯಾಟ್ (ಬ್ಯಾಟಿಂಗ್ ಸರದಿ), ಎರಡು ಹಿಟ್. ಮತ್ತೆ ಮೈನರ್ ಲೀಗ್.

ನೀವು ಕೇಳಿದ್ದು ಸರಿಯಾದ ಪ್ರಶ್ನೆ. 1,155 ಆಟಕ್ಕೆ ಎರಡು ಹಿಟ್ ಸಾಕಾ? ಅದಕ್ಕೆ ಮೊದಲು ಈ ಏಣಿ ಹೇಗಿದೆ ಅಂತ ನೋಡಬೇಕು. ಏಣಿ ಅಂದರೆ ನಾವು ಶಾಲೆಯ ಕ್ಲಾಸುಗಳ ಹಾಗೆ ಅಂದುಕೊಂಡುಬಿಡುತ್ತೇವೆ. ಪಾಸಾದರೆ ಮುಂದಿನ ಕ್ಲಾಸು, ಫೇಲಾದರೆ ಅದೇ ಕ್ಲಾಸು. ಇದು ಹಾಗಿಲ್ಲ. ಇದು ತುಂಬಿದ ಬಸ್ಸಿನ ಹಾಗೆ. ನೀವು ಎಷ್ಟೇ ಮೊದಲು ಸ್ಟಾಪಿಗೆ ಬಂದು ನಿಂತಿರಿ, ಒಳಗಿನವರು ಇಳಿಯದೆ ಹತ್ತುವ ಹಾಗಿಲ್ಲ.

ಮೇಜರ್ ಲೀಗ್‌ನಲ್ಲಿ 30 ತಂಡ. ಪ್ರತಿಯೊಂದರ ಕೆಳಗೆ ನಾಲ್ಕು ತಂಡ. ಮೇಲಿನಿಂದ ಲೆಕ್ಕ ಹಾಕಿದರೆ ತ್ರಿಪಲ್-ಎ, ಡಬಲ್-ಎ, ಹೈ-ಎ, ಸಿಂಗಲ್-ಎ. ಒಟ್ಟು 120. 2020ರ ತನಕ ಇದು ಸುಮಾರು 160 ಇತ್ತು. 2021ರಲ್ಲಿ ಕತ್ತರಿ ಹಾಕಿದರು. ಡ್ರಾಫ್ಟ್ ಕೂಡ 40 ಸುತ್ತಿನಿಂದ 20ಕ್ಕೆ ಇಳಿದಿದೆ. ಈ ನಾಲ್ಕಕ್ಕೂ ಕೆಳಗೆ ಫ್ಲಾರಿಡಾ ಮತ್ತು ಅರಿಜೋನಾದ ಕಾಂಪ್ಲೆಕ್ಸ್ ಲೀಗುಗಳಿವೆ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಒಂದು ಬೇಸಿಗೆ ಲೀಗ್ ಇದೆ. ಹದಿನೇಳು ಹದಿನೆಂಟರ ಹುಡುಗರು ಅಲ್ಲಿ ಬಿಸಿಲಿನಲ್ಲಿ, ನೋಡುವವರೇ ಇಲ್ಲದ ಮೈದಾನದಲ್ಲಿ ಆಡುತ್ತಾರೆ.

ನಿಮ್ಮ ಬುಲ್ಸ್ 1998ರಿಂದ ಟ್ಯಾಂಪಾ ಬೇ ರೇಸ್‌ನ ತ್ರಿಪಲ್-ಎ ತಂಡ. ಅಂದರೆ ನೀವು ನೋಡುತ್ತಿರುವುದು ಬಾಗಿಲ ಹೊರಗೆ ನಿಂತವರನ್ನು. ರೇಸ್‌ನ ಸೆಕೆಂಡ್ ಬೇಸ್‌ಮನ್‌ಗೆ ಇವತ್ತು ರಾತ್ರಿ ತೊಡೆಯ ಸ್ನಾಯು ಹಿಡಿದರೆ, ನಾಳೆ ಬೆಳಗ್ಗೆ ಡರ್ಹಮ್‌ನಿಂದ ಒಬ್ಬ ವಿಮಾನ ಹತ್ತುತ್ತಾನೆ. ಅವನ ಜಾಗಕ್ಕೆ ಅಲಬಾಮಾದ ಮಾಂಟ್‌ಗೊಮರಿಯ ಡಬಲ್-ಎ ತಂಡದಿಂದ ಒಬ್ಬ ಬರುತ್ತಾನೆ. ಆ ಜಾಗಕ್ಕೆ ಇನ್ನೂ ಕೆಳಗಿನಿಂದ ಮತ್ತೊಬ್ಬ. ಒಬ್ಬನ ಕಾಲು ಉಳುಕಿದರೆ ನಾಲ್ಕು ಊರಿನಲ್ಲಿ ಸೂಟ್‌ಕೇಸ್ ತುಂಬುತ್ತವೆ. ಹತ್ತು ದಿನ ಬಿಟ್ಟು ಗಾಯಾಳು ವಾಪಸ್ ಬಂದರೆ ಎಲ್ಲರೂ ಹಿಂದಕ್ಕೆ. ನಿಮ್ಮ ಮಗನ ಆಟಗಾರ ಕಾಣೆಯಾಗುವುದು ಹೀಗೆ.

ಇದರಲ್ಲಿ ಕಣ್ಣಿಗೆ ಕಾಣದ ಒಂದು ಗೋಡೆ ಇದೆ. ಅದನ್ನು ಅರ್ಥ ಮಾಡಿಕೊಂಡರೆ ಮ್ಯಾಗಿಯ ಹದಿಮೂರು ವರ್ಷ ಅರ್ಧ ಅರ್ಥವಾದ ಹಾಗೆ. ಮೇಜರ್ ಲೀಗ್ ತಂಡದ ಆಡುವ ಪಟ್ಟಿಯಲ್ಲಿ 26 ಜನ. ಅದರ ಹಿಂದೆ 40 ಜನರ ದೊಡ್ಡ ಪಟ್ಟಿ. ಮೇಲೆ ಆಡಬೇಕಾದರೆ ಮೊದಲು ಆ ನಲವತ್ತರಲ್ಲಿ ಹೆಸರು ಇರಬೇಕು. ಅದರಲ್ಲಿರುವವನನ್ನು ಮೂರು ಸೀಸನ್ ತನಕ ಮೇಲೆ ಕೆಳಗೆ ಓಡಾಡಿಸಬಹುದು. ಪಟ್ಟಿಯ ಹೊರಗಿನವನನ್ನು ಕರೆಯಬೇಕಾದರೆ ಅದರಲ್ಲಿ ಖಾಲಿ ಜಾಗ ಇರಬೇಕು. ಇಲ್ಲದಿದ್ದರೆ ಇನ್ನೊಬ್ಬನ ಹೆಸರು ಹೊಡೆದುಹಾಕಬೇಕು. ಹಾಗೆ ಹೊಡೆದವನನ್ನು ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಮೂರು ದಿನದ ಕೆಲಸಕ್ಕೆ ಇಪ್ಪತ್ತೆರಡರ ಹುಡುಗನನ್ನು ಕಳೆದುಕೊಳ್ಳಲು ಯಾವ ತಂಡ ಒಪ್ಪುತ್ತದೆ? ಹಾಗಾಗಿ ತ್ರಿಪಲ್-ಎಯಲ್ಲಿ ಚೆನ್ನಾಗಿ ಆಡುತ್ತಿರುವ ಇಪ್ಪತ್ತೊಂಬತ್ತರ ಇನ್‌ಫೀಲ್ಡರ್ ಎಷ್ಟೋ ಸಲ ತಾನು ಮಾಡಿದ ತಪ್ಪಿಗಾಗಿ ನಿಂತಿರುವುದಿಲ್ಲ. ಆ ಪಟ್ಟಿಯ ಕಾರಣಕ್ಕೆ ನಿಂತಿರುತ್ತಾನೆ.

ಈಗ ನಿಮ್ಮ ರಾಜ್ಯದಲ್ಲೇ ಬೆಳೆದ ಇನ್ನೊಬ್ಬನ ಕತೆ ಹೇಳುತ್ತೇನೆ. ವಿಟ್ ಮೆರಿಫೀಲ್ಡ್. ವಿನ್‌ಸ್ಟನ್-ಸೇಲಮ್ ಹತ್ತಿರದ ಅಡ್ವಾನ್ಸ್ ಅನ್ನುವ ಊರಿನಲ್ಲಿ ಬೆಳೆದವನು. ಅವನೂ ಮ್ಯಾಗಿಯೂ 1989ರಲ್ಲೇ ಹುಟ್ಟಿದವರು. ಇಬ್ಬರೂ 2010ರ ಡ್ರಾಫ್ಟ್. ಮೆರಿಫೀಲ್ಡ್ ಒಂಬತ್ತನೇ ಸುತ್ತಿನಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ ಹೋದ. ಅದೇ ಜೂನ್‌ನಲ್ಲಿ ಕಾಲೇಜು ವರ್ಲ್ಡ್ ಸೀರೀಸ್ ಫೈನಲ್‌ನ ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಸೌತ್ ಕ್ಯಾರೊಲಿನಾಗೆ ಗೆಲುವಿನ ಹಿಟ್ ಹೊಡೆದಿದ್ದು ಇವನೇ. ಅಂಥವನೂ ಆರು ವರ್ಷ ಕಾದ. ತ್ರಿಪಲ್-ಎ ಒಮಾಹಾದಲ್ಲಿ ಕಣ್ಣಿಗೆ ಬಿದ್ದರೂ ಬೇಗ ಕರೆ ಬರಲಿಲ್ಲ. ಮೈ ತೆಳ್ಳಗಿತ್ತು. ಆಫ್-ಸೀಸನ್‌ನಲ್ಲಿ ತಿಂದು, ಭಾರ ಎತ್ತಿ, ತೂಕ ಹೆಚ್ಚಿಸಿಕೊಂಡ. ಇನ್‌ಫೀಲ್ಡ್ ಅಷ್ಟೇ ಅಲ್ಲ, ಔಟ್‌ಫೀಲ್ಡ್‌ನಲ್ಲೂ ನಿಂತು ಕಲಿತ. 2016ರ ಮೇ 18ರಂದು, ಇಪ್ಪತ್ತೇಳನೇ ವಯಸ್ಸಿನಲ್ಲಿ, ರಾಯಲ್ಸ್ ಕರೆಯಿತು. ಆ ವರ್ಷ ಅಲ್ಲಿನ ಅನುಭವಿ ಸೆಕೆಂಡ್ ಬೇಸ್‌ಮನ್ ಒಮರ್ ಇನ್ಫಾಂಟೆ ಸೋಲುತ್ತಿದ್ದ. ಜೂನ್‌ನಲ್ಲಿ ಅವನನ್ನು ಕೈಬಿಟ್ಟರು. ಜಾಗ ಖಾಲಿಯಾಯಿತು.

ಆಮೇಲೆ ಏನಾಯಿತು ಗೊತ್ತಾ? 2018ರಲ್ಲಿ 192 ಹಿಟ್, 2019ರಲ್ಲಿ 206. ಎರಡೂ ವರ್ಷ ಅಮೆರಿಕನ್ ಲೀಗ್‌ನಲ್ಲಿ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಎಲ್ಲರಿಗಿಂತ ಜಾಸ್ತಿ. ಮೂರು ಸಲ ಆಲ್-ಸ್ಟಾರ್. ಇಂಥ ಆಟ ಆ ಆರು ವರ್ಷದಲ್ಲಿ ಎಲ್ಲಿತ್ತು? ಒಂದಿಷ್ಟು ಅವನೊಳಗೇ ಇತ್ತು, ಇನ್ನೊಂದಿಷ್ಟು ಆ ಆರು ವರ್ಷದಲ್ಲೇ ಆಯಿತು. ಎಷ್ಟು ಎಷ್ಟು ಅಂತ ಯಾರೂ ಅಳೆದು ಹೇಳಲಾರರು. ತಂಡದವರೂ ಹೇಳಲಾರರು. ಅದಕ್ಕೇ ಆಟಗಾರರು ಬಿಡುವುದಿಲ್ಲ. ಮೆರಿಫೀಲ್ಡ್‌ನ ಐದನೇ ವರ್ಷವೂ ಮ್ಯಾಗಿಯ ಐದನೇ ವರ್ಷವೂ ಹೊರಗಿನಿಂದ ನೋಡಿದರೆ ಬಹಳ ಬೇರೆ ಇರಲಿಲ್ಲ. ಒಂದೇ ಬಸ್‌ಸ್ಟಾಪಿನಲ್ಲಿ ನಿಂತ ಇಬ್ಬರು.

ಇನ್‌ಫೀಲ್ಡರ್‌ಗೆ ಈ ಕಾಯುವಿಕೆ ಯಾಕೆ ಬೇರೆ ಥರ, ಅದನ್ನು ಹೇಳಬೇಕು. ಇದು ನನಗೆ ತುಂಬ ಹತ್ತಿರದ ವಿಷಯ. ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಊರಿನ ಅತ್ಯುತ್ತಮ ಹುಡುಗ ಯಾವಾಗಲೂ ಶಾರ್ಟ್‌ಸ್ಟಾಪ್. ಕಾಲು ಚುರುಕು, ತೋಳು ಗಟ್ಟಿ, ಎಲ್ಲ ಕೆಲಸ ಅವನಿಗೆ. ಸ್ಕೂಲ್ ಟೀಮಿನಲ್ಲಿ ನಿಮ್ಮ ಮಗನೂ ಹಾಗೇ ಇರಬೇಕು. ಡ್ರಾಫ್ಟ್‌ಗೆ ಬರುವ ಹೊತ್ತಿಗೆ ಪ್ರತಿ ಊರಿನ ಶಾರ್ಟ್‌ಸ್ಟಾಪೂ ಅಲ್ಲಿರುತ್ತಾನೆ. ಒಂದು ತಂಡಕ್ಕೆ ಬೇಕಾದದ್ದು ಒಬ್ಬನೇ. ಉಳಿದವರು ಏನಾಗುತ್ತಾರೆ? ತೋಳಿನ ಬಲ ಸ್ವಲ್ಪ ಕಮ್ಮಿ ಇದ್ದವನು ಸೆಕೆಂಡ್ ಬೇಸ್‌ಗೆ ಸರಿಯುತ್ತಾನೆ. ಮೈ ದಪ್ಪಗಾಗಿ ಹೊಡೆತಕ್ಕೆ ಬಲ ಬಂದವನು ಥರ್ಡ್ ಬೇಸ್‌ಗೆ. ಇನ್ನು ಕೆಲವರು ಯಾವುದರಲ್ಲೂ ಮೊದಲಿಗರಲ್ಲ, ಎಲ್ಲದರಲ್ಲೂ ಎರಡನೆಯವರು. ಅವರನ್ನು ಯುಟಿಲಿಟಿ ಅನ್ನುತ್ತಾರೆ. ಇವತ್ತು ಸೆಕೆಂಡ್, ನಾಳೆ ಥರ್ಡ್, ನಾಡಿದ್ದು ಲೆಫ್ಟ್ ಫೀಲ್ಡ್. ಮ್ಯಾಗಿ ಕೊನೆಗೆ ಆದದ್ದು ಇದೇ.

ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗ, ಹದಿನಾಲ್ಕು ವಯಸ್ಸು, ಸೆಕೆಂಡ್ ಬೇಸ್‌ಗೆ ಹೋಗು ಅಂದ ದಿನ ಗ್ಲೋವ್ ನೆಲಕ್ಕೆ ಎಸೆದು ಅತ್ತ. ಶಾರ್ಟ್‌ಸ್ಟಾಪ್ ಕೊಟ್ಟುಬಿಟ್ಟರೆ ಮುಗಿಯಿತು ಅಂತ ಅವನ ಲೆಕ್ಕ. ಅವನಪ್ಪನಿಗೂ ಹಾಗೇ ಅನ್ನಿಸಿತ್ತು. ನಾನು ಅವತ್ತು ಏನೂ ಹೇಳಲಿಲ್ಲ. ಮಾರನೆ ದಿನ ಡಬಲ್ ಪ್ಲೇ, ಅಂದರೆ ಒಂದೇ ಚೆಂಡಿಗೆ ಇಬ್ಬರನ್ನು ಔಟ್ ಮಾಡುವುದನ್ನು, ಕಲಿಸಲು ಶುರು ಮಾಡಿದೆ. ಸೆಕೆಂಡ್ ಬೇಸ್‌ಮನ್‌ಗೆ ಚೆಂಡು ಬರುವುದು ಒಂದು ಕಡೆಯಿಂದ, ಅವನು ಆ ಕಡೆ ತಿರುಗಿರುವಾಗ ರನ್ನರ್ ಬೆನ್ನ ಹಿಂದಿನಿಂದ ನುಗ್ಗುತ್ತಾನೆ, ಎಸೆಯಬೇಕಾದದ್ದು ಮತ್ತೊಂದು ಕಡೆಗೆ. ಹಿಡಿಯುವುದು, ಕಾಲು ಬದಲಿಸುವುದು, ತಿರುಗುವುದು, ಎಸೆಯುವುದು ಎಲ್ಲ ಒಂದೇ ಉಸಿರಿನಲ್ಲಿ. ಮೂರು ವಾರ ಆದ ಮೇಲೆ ಅವನೇ ಬಂದು ಹೇಳಿದ, ಇದು ಶಾರ್ಟ್‌ಸ್ಟಾಪ್‌ಗಿಂತ ಕಷ್ಟ ಸರ್ ಅಂತ. ಕಷ್ಟ ಅಂದಾಗ ಅವನ ಮುಖ ಅರಳಿತ್ತು.

ಒಂದು ಲೆಕ್ಕ ಹೇಳುತ್ತೇನೆ, ಮಗನಿಗೂ ತೋರಿಸಿ. ಹೋಮ್ ಪ್ಲೇಟ್‌ನಿಂದ ಫಸ್ಟ್ ಬೇಸ್‌ಗೆ 90 ಅಡಿ. ಬಲಗೈ ಬ್ಯಾಟರ್ ಸಾಮಾನ್ಯ ವೇಗದವನಾದರೆ ಚೆಂಡು ಹೊಡೆದು ಅಲ್ಲಿಗೆ ಓಡಲು ಸುಮಾರು 4.3 ಸೆಕೆಂಡು. ಅಷ್ಟರೊಳಗೆ ಶಾರ್ಟ್‌ಸ್ಟಾಪ್ ಓಡಿಬಂದು, ಪುಟಿಯುವ ಚೆಂಡಿನ ಲಯ ಹಿಡಿದು, ಗ್ಲೋವಿನಿಂದ ಕೈಗೆ ತೆಗೆದು, ಎಸೆದು, ಆ ಚೆಂಡು ಫಸ್ಟ್ ಬೇಸ್‌ಮನ್‌ನ ಗ್ಲೋವ್ ಮುಟ್ಟಿರಬೇಕು. ಅರ್ಧ ಹೆಜ್ಜೆ ತಪ್ಪಿದರೆ ಸೇಫ್. ಇನ್‌ಫೀಲ್ಡರ್‌ನ ತಲೆಯಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ. ಯಾರು ಹೊಡೆದ, ಅವನ ಓಟ ಎಷ್ಟು, ನನಗೆ ಇನ್ನೆಷ್ಟು ಹೊತ್ತಿದೆ. ಆ ಗಡಿಯಾರವನ್ನು ಯಾರೂ ಬಾಯಲ್ಲಿ ಹೇಳಿ ಕಲಿಸಲಾರರು. ಸಾವಿರಾರು ಗ್ರೌಂಡ್ ಬಾಲ್ ಹಿಡಿದೇ ಬರಬೇಕು. ಮೈನರ್ ಲೀಗ್ ನಿಜವಾಗಿ ಇರುವುದು ಇದಕ್ಕೆ.

ಒಂದು ಸಲ ಮಧ್ಯಾಹ್ನ ಮೂರು ಗಂಟೆಗೇ ಒಂದು ಚಿಕ್ಕ ಊರಿನ ಮೈದಾನಕ್ಕೆ ಹೋಗಿದ್ದೆ. ಆಟ ಏಳಕ್ಕೆ. ಜುಲೈ ಬಿಸಿಲು, ಮಣ್ಣಿಗೆ ನೀರು ಹೊಡೆದಿದ್ದರು, ಅದರ ವಾಸನೆ ಮೊದಲ ಮಳೆಯ ಹಾಗೆ ಬರುತ್ತಿತ್ತು. ಒಬ್ಬ ಇನ್‌ಫೀಲ್ಡರ್ ಮಂಡಿಯೂರಿ ಕೂತಿದ್ದ. ಕೈಯಲ್ಲಿ ದೋಸೆಯ ಹಾಗೆ ಚಪ್ಪಟೆಯಾದ ಪುಟ್ಟ ಗ್ಲೋವ್. ಅದರಲ್ಲಿ ಚೆಂಡನ್ನು ಅಪ್ಪಿ ಹಿಡಿಯಲು ಆಗುವುದಿಲ್ಲ, ಅಂಗೈಗೆ ತಾಗಿಸಿ ತಕ್ಷಣ ಇನ್ನೊಂದು ಕೈಗೆ ತೆಗೆದುಕೊಳ್ಳಬೇಕು. ಕೋಚ್ ಹತ್ತು ಅಡಿ ದೂರದಿಂದ ಚೆಂಡು ಪುಟಿಸುತ್ತಿದ್ದ. ಬಲಕ್ಕೆ ಇಪ್ಪತ್ತೈದು, ಎಡಕ್ಕೆ ಇಪ್ಪತ್ತೈದು, ಎದುರಿಗೆ ಇಪ್ಪತ್ತೈದು. ಆಮೇಲೆ ಎದ್ದು ನಿಂತ. ಕೋಚ್ ಫಂಗೋ ತೆಗೆದುಕೊಂಡ. ಅದು ಉದ್ದವಾದ, ಹಗುರವಾದ ಬ್ಯಾಟು, ಫೀಲ್ಡಿಂಗ್ ಕಲಿಸಲೆಂದೇ ಇರುವುದು. ಮತ್ತೆ ನೂರು ಚೆಂಡು. ಒಂದೂ ಮಾತಿಲ್ಲ. ಚೆಂಡು ಗ್ಲೋವ್‌ಗೆ ಬೀಳುವ ಸದ್ದು ಮಾತ್ರ. ಸದ್ದು ಸರಿಯಿಲ್ಲದಿದ್ದರೆ ಅವನೇ ತಲೆ ಅಲ್ಲಾಡಿಸುತ್ತಿದ್ದ. ಊರಿನಲ್ಲಿ ನಮ್ಮ ಅಜ್ಜಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದಳು, ಹಾಗೆ. ಅವನು ಮೇಜರ್ ಲೀಗ್ ಮುಟ್ಟಲಿಲ್ಲ. ಆದರೆ ನಾನು ಮಕ್ಕಳಿಗೆ ಕಲಿಸುವ ಮಂಡಿಯೂರಿದ ಡ್ರಿಲ್ ಅವತ್ತು ಅವನನ್ನು ನೋಡಿ ಕಲಿತದ್ದು.

ತಪ್ಪುಗಳ ಬಗ್ಗೆ ಒಂದು ಮಾತು. ನಿಮ್ಮ ಮಗ ಎರರ್ (ಫೀಲ್ಡಿಂಗ್ ತಪ್ಪು) ಮಾಡಿ ಮನೆಗೆ ಬಂದು ಊಟ ಬಿಡುತ್ತಿದ್ದರೆ ಅವನಿಗೆ, ಮುಂದೆ ನ್ಯೂಯಾರ್ಕ್ ಯಾಂಕೀಸ್‌ನ ದೊಡ್ಡ ಹೆಸರಾದ ಡೆರೆಕ್ ಜೀಟರ್ ಕತೆ ಹೇಳಿ. ಡರ್ಹಮ್‌ನಿಂದ ಒಂದು ಗಂಟೆ ಡ್ರೈವ್ ಮಾಡಿದರೆ ಗ್ರೀನ್ಸ್‌ಬರೋ. 1993ರಲ್ಲಿ ಜೀಟರ್ ಅಲ್ಲಿನ ಹಾರ್ನೆಟ್ಸ್ ತಂಡದ ಶಾರ್ಟ್‌ಸ್ಟಾಪ್. ಹಿಂದಿನ ವರ್ಷ ಡ್ರಾಫ್ಟ್‌ನಲ್ಲಿ ಆರನೆಯವನಾಗಿ ಆರಿಸಿದ್ದ ಹುಡುಗ. ಗ್ರೀನ್ಸ್‌ಬರೋದಲ್ಲಿ 126 ಆಟದಲ್ಲಿ 56 ಎರರ್ ಮಾಡಿದ. ಅಂದರೆ ಹೆಚ್ಚುಕಮ್ಮಿ ಎರಡು ದಿನಕ್ಕೊಂದು. ಇವನನ್ನು ಔಟ್‌ಫೀಲ್ಡ್‌ಗೆ ಹಾಕಬೇಕು ಅನ್ನುವ ಮಾತೂ ಎದ್ದಿತ್ತು. ಆ ಸೀಸನ್ ಮುಗಿದ ಮೇಲೆ ಫ್ಲಾರಿಡಾದ ಟ್ಯಾಂಪಾದಲ್ಲಿ ಕೋಚ್ ಬ್ರಯಾನ್ ಬಟರ್‌ಫೀಲ್ಡ್ ಅವನನ್ನು ಕೂರಿಸಿಕೊಂಡರು. ಎಡಗೈಗೆ ಪೆಟ್ಟಾಗಿದ್ದರಿಂದ ಬ್ಯಾಟಿಂಗ್ ಇರಲಿಲ್ಲ. ಐದು ವಾರ ಬರೀ ಫೀಲ್ಡಿಂಗ್. ಗ್ಲೋವ್ ಎಲ್ಲಿ ಇಡಬೇಕು, ಕಾಲು ಯಾವಾಗ ಇಡಬೇಕು, ಅಷ್ಟೇ. ಮುಂದಿನ ವರ್ಷ, 1994ರಲ್ಲಿ, ಒಂದೇ ಬೇಸಿಗೆಯಲ್ಲಿ ಮೂರು ಹಂತ ಹತ್ತಿ ತ್ರಿಪಲ್-ಎ ಮುಟ್ಟಿದ. 1995ರ ಮೇನಲ್ಲಿ ನ್ಯೂಯಾರ್ಕ್ ಯಾಂಕೀಸ್. ಮುಂದಿನದು ನಿಮ್ಮ ಮಗನಿಗೇ ಗೊತ್ತಿರುತ್ತದೆ.

ಆ 56 ಎರರ್ ನಡೆದದ್ದು ಗ್ರೀನ್ಸ್‌ಬರೋದಲ್ಲಿ. ನ್ಯೂಯಾರ್ಕ್‌ನಲ್ಲಿ ನಡೆದಿದ್ದರೆ ಎರಡನೇ ತಿಂಗಳಿಗೆ ಆ ಹುಡುಗನ ಮನಸ್ಸು ಒಡೆದುಹೋಗುತ್ತಿತ್ತು. ತಪ್ಪು ಮಾಡಲು ಒಂದು ಜಾಗ ಬೇಕು. ಮಗು ನಡೆಯಲು ಕಲಿಯುವಾಗ ಮನೆಯಂಗಳ ಇದ್ದ ಹಾಗೆ.

ಎಲ್ಲರೂ ನಿಧಾನಕ್ಕೇ ಹತ್ತುತ್ತಾರೆ ಅಂತಲೂ ಅಲ್ಲ. ಹೊಸೆ ಅಲ್ಟುವೆ ವೆನೆಜುವೆಲಾದವನು, ಐದು ಅಡಿ ಆರು ಇಂಚು. ಕುಳ್ಳ ಅಂತ ಹೂಸ್ಟನ್ ಆಸ್ಟ್ರೋಸ್‌ನವರು ಮೊದಲ ದಿನ ಟ್ರೈಔಟ್‌ನಿಂದ ಮನೆಗೆ ಕಳಿಸಿದ್ದರು. ಅಪ್ಪ ಹೇಳಿದರು ಅಂತ ಮಾರನೆ ದಿನ ಮತ್ತೆ ಹೋದ. 2007ರಲ್ಲಿ 15,000 ಡಾಲರ್‌ಗೆ ಸಹಿ ಮಾಡಿಸಿಕೊಂಡರು. 2011ರಲ್ಲಿ ಹೈ-ಎಯಲ್ಲಿ ಬ್ಯಾಟಿಂಗ್ ಸರಾಸರಿ .408 (ಹತ್ತು ಸರದಿಗೆ ನಾಲ್ಕು ಹಿಟ್), ಡಬಲ್-ಎಯಲ್ಲಿ .361. ತ್ರಿಪಲ್-ಎ ಮೆಟ್ಟಿಲು ತುಳಿಯದೆ ಅದೇ ಜುಲೈನಲ್ಲಿ ನೇರವಾಗಿ ಹೂಸ್ಟನ್‌ಗೆ ಹೋದ. 2017ರಲ್ಲಿ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ. ಆದರೆ ಇಂಥವರು ಅಪರೂಪ.

ಬಹಳ ಜನ ನಿಲ್ಲುವುದು ಡಬಲ್-ಎಯಲ್ಲಿ. ಕೆಳಗಿನ ಹಂತದ ಪಿಚರ್‌ಗಳಿಗೆ ವೇಗ ಇರುತ್ತದೆ, ಹಿಡಿತ ಇರುವುದಿಲ್ಲ. ಸ್ಟ್ರೈಕ್ ಬೀಳದೆ ಹಿಂದೆ ಬಿದ್ದಾಗ ನೇರವಾದ ಫಾಸ್ಟ್‌ಬಾಲ್‌ಗೆ ಬರುತ್ತಾರೆ, ಬ್ಯಾಟರ್ ಕಾದು ಹೊಡೆಯುತ್ತಾನೆ. ಡಬಲ್-ಎಯಲ್ಲಿ ಪಿಚರ್ ಅಂಥ ಹೊತ್ತಿನಲ್ಲೂ ಪಕ್ಕಕ್ಕೆ ತಿರುಗುವ ಸ್ಲೈಡರ್ ಹಾಕಿ ಸ್ಟ್ರೈಕ್ ತೆಗೆಯುತ್ತಾನೆ. ಕೈಯಲ್ಲಿ ಎಷ್ಟೇ ಚೆನ್ನಾದ ಗ್ಲೋವ್ ಇದ್ದರೂ ಅಲ್ಲಿ ಬ್ಯಾಟು ಕೈಕೊಟ್ಟರೆ ಇನ್‌ಫೀಲ್ಡರ್ ಕತೆ ಕಷ್ಟ. ಮ್ಯಾಗಿಯ ದಾರಿ ನಿಧಾನವಾದದ್ದೂ ಅಲ್ಲಿಂದಲೇ.

ಹೊಟ್ಟೆಪಾಡಿನ ಬಗ್ಗೆ ಕೇಳಿದ್ದೀರಿ. ತಾಯಿ ಕೇಳಲೇಬೇಕಾದ ಪ್ರಶ್ನೆ. 2020ರವರೆಗೆ ತ್ರಿಪಲ್-ಎಯಲ್ಲಿ ಕನಿಷ್ಠ ಸಂಬಳ ವಾರಕ್ಕೆ 502 ಡಾಲರ್, ಸಿಂಗಲ್-ಎಯಲ್ಲಿ 290. ಅದೂ ಸೀಸನ್ ನಡೆಯುವ ತಿಂಗಳಲ್ಲಿ ಮಾತ್ರ. ಒಂದು ಅಪಾರ್ಟ್‌ಮೆಂಟಿನಲ್ಲಿ ಐದಾರು ಜನ, ನೆಲದ ಮೇಲೆ ಗಾಳಿ ತುಂಬುವ ಹಾಸಿಗೆ. ಚಳಿಗಾಲದಲ್ಲಿ ಗೋದಾಮಿನ ಕೆಲಸ, ಮಕ್ಕಳಿಗೆ ಪಾಠ, ಏನು ಸಿಕ್ಕಿದರೆ ಅದು. ಇದು ಅನ್ಯಾಯ ಅಂತ ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಕೋಟಿಗಟ್ಟಲೆ ಡಾಲರ್ ವಹಿವಾಟಿನ ಆಟ, ಅದರ ಬೇರಿಗೆ ನೀರು ಹಾಕಲು ಯಾಕೆ ಕೈ ಬರಬಾರದು?

ಈಗ ಪರಿಸ್ಥಿತಿ ಸುಧಾರಿಸಿದೆ. 2022ರಿಂದ ವಸತಿ ತಂಡದ ಹೊಣೆ. 2023ರಲ್ಲಿ ಮೈನರ್ ಲೀಗ್ ಆಟಗಾರರು ಮೊದಲ ಬಾರಿಗೆ ಯೂನಿಯನ್ ಮೂಲಕ ಒಪ್ಪಂದ ಮಾಡಿಕೊಂಡರು. ತ್ರಿಪಲ್-ಎಯ ಕನಿಷ್ಠ ಸಂಬಳ ವರ್ಷಕ್ಕೆ 17,500ರಿಂದ 35,800 ಡಾಲರ್‌ಗೆ ಏರಿತು. ಡಬಲ್-ಎ 30,250, ಸಿಂಗಲ್-ಎ 26,200. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ದಿನದ ಲೆಕ್ಕದಲ್ಲಿ 3,800ಕ್ಕೂ ಜಾಸ್ತಿ. ಆ ಲೆಕ್ಕದಲ್ಲಿ ಮೇಲೆ ಒಂದು ವಾರ ಕಳೆದರೆ ಡಬಲ್-ಎಯ ಕನಿಷ್ಠ ಸಂಬಳದ ಮುಕ್ಕಾಲು ವರ್ಷಕ್ಕಿಂತ ಜಾಸ್ತಿ. 43 ದಿನ ಮೇಲೆ ಕಳೆದರೆ ಪಿಂಚಣಿ ಹಕ್ಕೂ ಬರುತ್ತದೆ. ಹಾಗಾಗಿ ಬಾಗಿಲಲ್ಲಿ ನಿಂತವನಿಗೆ ಒಳಗಿನ ಒಂದೊಂದು ದಿನವೂ ದೊಡ್ಡದು.

ಈಗ ನಿಮ್ಮ ಕೊನೆಯ ಪ್ರಶ್ನೆ. ವ್ಯರ್ಥ ಅಲ್ವಾ?

ನನಗೆ ವ್ಯರ್ಥ ಅನ್ನಿಸುವುದಿಲ್ಲ. ಆ ಎರಡು ಹಿಟ್ ಬಂತು ಅನ್ನುವ ಕಾರಣಕ್ಕಲ್ಲ. ಏಪ್ರಿಲ್ 26 ಬರದೇ ಹೋಗಿದ್ದರೂ ನನ್ನ ಉತ್ತರ ಇದೇ ಆಗುತ್ತಿತ್ತು. ಆ 1,155 ಆಟ ಮೇಜರ್ ಲೀಗ್‌ಗೆ ಕಾಯುತ್ತಾ ಕಳೆದ ಹೊತ್ತು ಅಂತ ನಾವು ಲೆಕ್ಕ ಹಾಕುತ್ತೇವೆ. ಆದರೆ ಅವು ಆಡಿದ ಆಟಗಳು. ಪ್ರತಿ ರಾತ್ರಿ ಟಿಕೆಟ್ ತೆಗೆದುಕೊಂಡು ಬಂದ ಜನ ಇದ್ದರು, ಚೆಂಡು ಬಂತು, ಹಿಡಿದ, ಎಸೆದ. ಆಲ್ಟೂನಾದ ಮಗುವಿಗೆ ಅವನೇ ದೊಡ್ಡ ಆಟಗಾರ. ನಿಮ್ಮ ಮಗನಿಗೆ ಬುಲ್ಸ್‌ನ ಆ ಕಾಣೆಯಾದ ಹುಡುಗ ಇದ್ದ ಹಾಗೆ. ಪ್ರತಿ ವರ್ಷ ಯಾವುದೋ ಒಂದು ತಂಡ ಅವನಿಗೆ ಕೆಲಸ ಕೊಟ್ಟಿದೆ. ಉಪಯೋಗವಿಲ್ಲದವನನ್ನು ಹದಿಮೂರು ವರ್ಷ ಯಾರೂ ಇಟ್ಟುಕೊಳ್ಳುವುದಿಲ್ಲ.

ಹಾಗಂತ ಎಲ್ಲರೂ ಹದಿಮೂರು ವರ್ಷ ಆಡಬೇಕು ಅಂತ ನಾನು ಹೇಳುವುದಿಲ್ಲ. ಮೂರನೇ ವರ್ಷಕ್ಕೆ ಬಿಟ್ಟು ಓದಲು ಹೋದವರನ್ನು ಬಲ್ಲೆ, ಅವರದ್ದೂ ಸರಿಯಾದ ನಿರ್ಧಾರವೇ. ಬೆಳಗ್ಗೆ ಎದ್ದು ಮಂಡಿಯೂರಿ ಆ ಎಪ್ಪತ್ತೈದು ಚೆಂಡು ಹಿಡಿಯಲು ಮನಸ್ಸು ಬರದ ದಿನಗಳು ಸಾಲಾಗಿ ಬಂದರೆ ಆಗ ನಿಲ್ಲಿಸಬೇಕು. ಅದು ಆಡುವವನಿಗೆ ಮಾತ್ರ ತಿಳಿಯುತ್ತದೆ. ಅಪ್ಪ ಅಮ್ಮನಿಗೂ ತಿಳಿಯುವುದಿಲ್ಲ, ಕೋಚಿಗೂ ತಿಳಿಯುವುದಿಲ್ಲ.

ನಿಮ್ಮ ಮಗನಿಗೆ ಈಗ ಹದಿಮೂರು. ಡ್ರಾಫ್ಟ್ ಬಗ್ಗೆ ಯೋಚಿಸುವ ವಯಸ್ಸಲ್ಲ. ಹೈಸ್ಕೂಲ್ ಮುಗಿಸಿದ ಮೇಲೆ ಒಂದು ಸಲ ಆ ಬಾಗಿಲು ತೆರೆಯುತ್ತದೆ. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಸಾಮಾನ್ಯವಾಗಿ ಮೂರನೇ ವರ್ಷದ ಹೊತ್ತಿಗೆ ಮತ್ತೆ. ಮ್ಯಾಗಿ, ಮೆರಿಫೀಲ್ಡ್ ಇಬ್ಬರೂ ಕಾಲೇಜಿನಿಂದಲೇ ಬಂದವರು. ಓದು ಆಟ ಎರಡೂ ಜೊತೆಗೆ ಹೋಗುವ ದಾರಿ ಈ ದೇಶದಲ್ಲಿ ಇದೆ, ಅದು ನಿಮ್ಮಂಥ ಮನೆಗೆ ಒಗ್ಗುವ ದಾರಿ. ಈಗ ಅವನು ಶಾರ್ಟ್‌ಸ್ಟಾಪ್ ಜೊತೆಗೆ ಸೆಕೆಂಡ್ ಬೇಸ್‌ನಲ್ಲೂ ನಿಲ್ಲಲಿ. ಕೋಚ್ ಹೇಳುವ ಮೊದಲೇ ಅವನೇ ಕೇಳಲಿ. ದಿನಕ್ಕೆ ಐವತ್ತು ಗ್ರೌಂಡ್ ಬಾಲ್ ಸಾಕು. ಗೋಡೆಗೆ ಟೆನಿಸ್ ಬಾಲ್ ಎಸೆದು ಬರಿಗೈಯಲ್ಲಿ ಹಿಡಿದರೂ ಆಯಿತು. ನೀವೂ ಉರುಳಿಸಿಕೊಡಬಹುದು, ಅದಕ್ಕೆ ಆಟ ಗೊತ್ತಿರಬೇಕಾಗಿಲ್ಲ.

ಮುಂದಿನ ಸಲ ಬುಲ್ಸ್ ಆಟಕ್ಕೆ ಹೋದಾಗ ಗೇಟ್ ತೆರೆಯುವ ಹೊತ್ತಿಗೇ ಹೋಗಿ, ಫಸ್ಟ್ ಬೇಸ್ ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಒಂದು ಇನ್ನಿಂಗ್ಸ್ ಪೂರ್ತಿ ಚೆಂಡು ನೋಡಬೇಡಿ, ಪಿಚರ್ ನೋಡಬೇಡಿ. ಎದುರಿಗಿರುವ ಶಾರ್ಟ್‌ಸ್ಟಾಪ್‌ನ ಕಾಲು ಮಾತ್ರ ನೋಡಿ. ಪಿಚರ್ ಕೈ ಎತ್ತಿದಾಗ ಅವನು ಎರಡು ಪುಟ್ಟ ಹೆಜ್ಜೆ ಮುಂದಿಡುತ್ತಾನೆ, ಚೆಂಡು ಬ್ಯಾಟ್ ಹತ್ತಿರ ಬರುವ ಹೊತ್ತಿಗೆ ಪಾದ ನೆಲದಿಂದ ಕೂದಲೆಳೆಯಷ್ಟು ಎದ್ದು ಇಳಿಯುತ್ತದೆ. ಪ್ರತಿ ಎಸೆತಕ್ಕೂ. ಚೆಂಡು ಅವನ ಕಡೆ ಬರದಿದ್ದರೂ. ಮನೆಗೆ ಬರುವಾಗ ಕಾರಿನಲ್ಲಿ ಮಗನನ್ನು ಕೇಳಿ, ಅವನು ಎಷ್ಟು ಸಲ ಹಾಗೆ ಮಾಡಿದ ಅಂತ. ಅವನು ಎಣಿಸಿರುತ್ತಾನೆ.